ಲೈನ್ ಮನೆಯ ಶೀತ: ಕೊಡಗು ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯರೇ,

ಸಿದ್ದಾಪುರದ ಬಳಿಯ ಕಾಫಿ ತೋಟವೊಂದರಲ್ಲಿ ನಾನು ರೈಟರ್, ಅಂದರೆ ಕಾರ್ಮಿಕರ ಹಾಜರಿ ಬರೆಯುವವನು. ಮಳೆ ಹಿಡಿದ ಮೇಲೆ ಬೆಳಿಗ್ಗೆ ಹಾಜರಿಗೆ ನಿಂತವರಲ್ಲಿ ನಾಲ್ಕೈದು ಮಂದಿಯಾದರೂ ಸೀನುತ್ತಿರುತ್ತಾರೆ. ಕೇಳಿದರೆ, ‘ಬರೀ ಶೀತ ರೈಟ್ರೇ, ಕಷಾಯ ಕುಡಿದಿದ್ದೇನೆ’ ಎನ್ನುತ್ತಾರೆ. ಶುಂಠಿ, ಕಾಳುಮೆಣಸಿನ ಕಷಾಯ ಗಂಟಲಿಗೆ ಹಿತವೆಂಬುದರಲ್ಲಿ ನನಗೂ ತಕರಾರಿಲ್ಲ. ಆದರೆ ಅದು ಬರೀ ಶೀತವೇ ಎಂಬುದು ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

2020–21ರಲ್ಲಿ ವಾಸನೆ ತಿಳಿಯದಿದ್ದರೆ ಕೋವಿಡ್ ಎಂದು ಊಹಿಸುತ್ತಿದ್ದೆವು. ಕೋವಿಡ್‌ನ ಓಮಿಕ್ರಾನ್ ತಳಿ ಬಂದ ಮೇಲೆ ಆ ಗುರುತು ಕಡಿಮೆಯಾಗಿದ್ದು, ಮೂಗು ಸೋರುವುದು, ಗಂಟಲು ಕೆರೆತ, ಸೀನು ಶೀತ, ಕೋವಿಡ್ ಎರಡರಲ್ಲೂ ಕಾಣಿಸುತ್ತವೆ. ಜ್ವರ, ಮೈಕೈ ನೋವು, ವಿಪರೀತ ಸುಸ್ತು ಇದ್ದರೆ ಕೋವಿಡ್ ಅಥವಾ ಫ್ಲೂ ಎಂಬ ಅನುಮಾನ ಬಲಿಯುತ್ತದೆಯೇ ಹೊರತು ಪರೀಕ್ಷೆಯಿಲ್ಲದೆ ಖಚಿತವಾಗುವುದಿಲ್ಲ. ರ‍್ಯಾಪಿಡ್ ಕಿಟ್ ಸಹ ಮೊದಲ ದಿನ ನೆಗೆಟಿವ್ ತೋರಿಸಿ, 48 ಗಂಟೆಗಳ ಬಳಿಕ ಮತ್ತೆ ಮಾಡಿದಾಗ ಪಾಸಿಟಿವ್ ತೋರಿಸುವುದುಂಟು.

ನಮ್ಮ ತೋಟದ ಒಬ್ಬಾತನಿಗೆ ಹೀಗೆಯೇ ಆಯಿತು. ಆರೋಗ್ಯ ಕೇಂದ್ರವೊಂದರಲ್ಲಿ ಒಮ್ಮೆ ಪರೀಕ್ಷಿಸಿ, ಏನೂ ಇಲ್ಲವೆಂದು ಕಳುಹಿಸಿದರು. ಮತ್ತೆ ಬರಲು ಯಾರೂ ಹೇಳಲಿಲ್ಲ. ನಾಲ್ಕನೆಯ ದಿನ ಕಾರ್ಮಿಕರ ಸಾಲುಮನೆಗಳಲ್ಲಿ, ಅಂದರೆ ಲೈನ್ ಮನೆಗಳಲ್ಲಿ, ಅವನಿದ್ದ ಮನೆಗೆ ಹೋದರೆ, ಎರಚಲು ಬಾರದಂತೆ ಕಿಟಕಿಗೆ ರಸಗೊಬ್ಬರದ ಚೀಲ ತುರುಕಿದ್ದರು, ಒಲೆಯ ಮೇಲಿನ ಹಗ್ಗದಲ್ಲಿ ಒದ್ದೆ ಬಟ್ಟೆ ನೇತಾಡುತ್ತಿತ್ತು, ಆರು ಜನ ಒಂದೇ ಕೋಣೆಯಲ್ಲಿ ಕೆಮ್ಮುತ್ತಿದ್ದರು. ಸಕ್ಕರೆ ಕಾಯಿಲೆಯ ಅವನ ತಾಯಿಯ ರಕ್ತದ ಆಮ್ಲಜನಕ ಮಟ್ಟ ಶೇ. 94ಕ್ಕಿಂತ ಕೆಳಗಿಳಿದು, ಆಕೆಯನ್ನು ಜೀಪಿನಲ್ಲಿ ಮಡಿಕೇರಿಗೆ ಸಾಗಿಸಬೇಕಾಯಿತು.

ಲಕ್ಷಣ ಕಾಣುವ ಒಂದೆರಡು ದಿನ ಮೊದಲೇ ಸೋಂಕು ಹರಡಬಲ್ಲದಾದ್ದರಿಂದ, ಕಾಯಿಲೆಯ ಹೆಸರು ಗೊತ್ತಾಗಲೆಂದು ಕಾಯುವುದರಲ್ಲಿ ಅರ್ಥವಿಲ್ಲ. ಕೆಮ್ಮು, ಶೀತವಿದ್ದವರು ಮಾಸ್ಕ್ ಹಾಕಲಿ, ಮಳೆ ಬಿಟ್ಟಾಗಲಾದರೂ ಕಿಟಕಿ ತೆರೆದಿಡಲಿ; ಜ್ವರದ ಮಾತ್ರೆ ನುಂಗದೆಯೇ 24 ಗಂಟೆ ಜ್ವರವಿಲ್ಲದಿದ್ದು, ಉಳಿದ ಲಕ್ಷಣಗಳೂ ಇಳಿಮುಖವಾದ ಮೇಲೆ ಕೆಲಸಕ್ಕೆ ಬಂದು, ಇನ್ನೂ ಐದು ದಿನ ಮಾಸ್ಕ್ ಬಿಡದಿರಲಿ. ಇದನ್ನು ಕನ್ನಡದಲ್ಲಷ್ಟೇ ಅಚ್ಚು ಹಾಕಿಸಿದರೆ ಅಸ್ಸಾಮಿನಿಂದ ಬಂದವರಿಗೆ ಅದು ಬರೀ ಕಾಗದ; ಅವರ ಭಾಷೆಯಲ್ಲಿ ಹೇಳಿಸಬೇಕು. ಎರಡನೆಯ ಪರೀಕ್ಷೆಯ ಕಿಟ್ ಆಶಾ ಕಾರ್ಯಕರ್ತೆಯರ ಚೀಲದಲ್ಲೇ ಇರುವಂತಾಗಬೇಕು.

ಇಷ್ಟಾದರೂ ದಿನಗೂಲಿಯವನು ಮನೆಯಲ್ಲಿ ಉಳಿಯುವುದಿಲ್ಲ, ಏಕೆಂದರೆ ಉಳಿದರೆ ಸಂಬಳವಿಲ್ಲ. ತಾವು ಕಾರ್ಮಿಕ ಇಲಾಖೆ ಹಾಗೂ ಬೆಳೆಗಾರರೊಂದಿಗೆ ಮಾತಾಡಿ, ಜ್ವರದ ಮೂರು ದಿನಗಳಿಗಾದರೂ ಕೂಲಿ ಕೊಡಿಸಬೇಕೆಂದು ಕೋರುತ್ತೇನೆ. ಅಂಥವರ ಹೆಸರಿನ ಮುಂದೆ ಈಗ ನಾನು ‘ಗೈರು’ ಎಂದು ಬರೆಯುತ್ತಿದ್ದೇನೆ. ಬೇರೇನು ಬರೆಯಬೇಕೆಂದು ತಾವು ಲಿಖಿತವಾಗಿ ತಿಳಿಸಿದರೆ ಮರುದಿನದ ಹಾಜರಿಯಿಂದಲೇ ಹಾಗೆ ಬರೆಯುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ತೋಟದ ರೈಟರ್