ಕಲರ್ ರೀಲು ಇನ್ನು ತಿಂಗಳಿಗೆ ಎರಡೇ ಸಲ

ನಮಸ್ಕಾರ,

ಬರುವ ತಿಂಗಳಿಂದ ನಮ್ಮ ಲ್ಯಾಬಿನಲ್ಲಿ ಕ್ಯಾಮೆರಾದ ಕಲರ್ ಫಿಲ್ಮ್ ರೀಲುಗಳನ್ನು ದಿನಾ ತೊಳೆಯುವುದಿಲ್ಲ, ಅಂದರೆ ಡೆವಲಪ್ ಮಾಡುವುದಿಲ್ಲ. ಎರಡನೇ ಮತ್ತು ನಾಲ್ಕನೇ ಶನಿವಾರ ಮಾತ್ರ. ಕಪ್ಪು-ಬಿಳುಪಿನದು ಮೊದಲಿನ ಹಾಗೇ ನಡೆಯುತ್ತದೆ. ದರ ಎರಡಕ್ಕೂ ಹಳೆಯದೇ.

ಕಾರಣ ಕೆಮಿಕಲ್ಲು. ಕಲರ್ ನೆಗೆಟಿವ್‌ಗೆ ಬೇಕಾದ ಸಿ-41 ಡೆವಲಪರ್, ಅಂದರೆ ಫಿಲ್ಮಿನಲ್ಲಿ ಚಿತ್ರ ಮೂಡಿಸುವ ದ್ರಾವಣ, ಒಮ್ಮೆ ಕಲಸಿಟ್ಟ ಮೇಲೆ, ನೀವು ರೀಲು ತಂದರೂ ತರದಿದ್ದರೂ, ಗಾಳಿ ತಾಗಿ ದಿನದಿನಕ್ಕೂ ಸೊರಗುತ್ತಾ ಹೋಗುತ್ತದೆ. ಅದನ್ನು 38 ಡಿಗ್ರಿಗೆ ಕಾಯಿಸಿ, ಅಲ್ಲೇ ಹಿಡಿದು, ಮೂರೂಕಾಲು ನಿಮಿಷ ತೊಳೆಯಬೇಕು. ಒಂದೋ ಎರಡೋ ರೀಲಿಗೆ ದಿನಾ ಇಷ್ಟೆಲ್ಲ ಮಾಡಿದರೆ ಪೂರೈಸುವುದಿಲ್ಲ. ಸೊರಗಿದ ಡೆವಲಪರ್‌ನಲ್ಲೇ ತೊಳೆದು ಸ್ಕ್ಯಾನ್ ಮಾಡುವಾಗ ಬಣ್ಣ ಸರಿ ಮಾಡಿ ಕಳಿಸಿಬಿಡಬಹುದು, ನಿಮಗೆ ಗೊತ್ತೂ ಆಗುವುದಿಲ್ಲ. ಆದರೆ ನೆಗೆಟಿವ್ ಮಾತ್ರ ತೆಳ್ಳಗೆ, ಜೀವ ಇಲ್ಲದ ಹಾಗೆ ಉಳಿದುಬಿಡುತ್ತದೆ. ಆ ಕೆಲಸ ನಮಗೆ ಬೇಡ. ಎಲ್ಲರ ರೀಲೂ ಒಟ್ಟಿಗೆ ಸೇರಿದರೆ ಹೊಸದಾಗಿ ಕಲಸಿ ಅವತ್ತೇ ಖಾಲಿ ಮಾಡಬಹುದು.

ಕಪ್ಪು-ಬಿಳುಪಿಗೆ ಈ ತಾಪತ್ರಯ ಇಲ್ಲ. ಅದರ ಡೆವಲಪರ್ ಡಿ-76ಕ್ಕೆ ಸಮ ನೀರು ಬೆರೆಸಿ, ಒಂದೇ ಸಲ ಬಳಸಿ ಮುಗಿಸುತ್ತೇವೆ. ಅದಕ್ಕೆ 20 ಡಿಗ್ರಿ ಸಾಕು. ಏಪ್ರಿಲ್ ಬಂದರೆ ಟ್ಯಾಂಕಿನ ನೀರನ್ನು 20ಕ್ಕೆ ಇಳಿಸಲು ಐಸ್ ಬಾಟಲಿ ಮುಳುಗಿಸಿಕೊಂಡು ಕೂರುವುದು ಬೇರೆ ಪಾಡು, ಬಿಡಿ.

ಸಿನಿಮಾ ಫಿಲ್ಮನ್ನು ಕತ್ತರಿಸಿ ಡಬ್ಬಿಗೆ ತುಂಬಿದ ರೀಲು ಈಗ ತುಂಬಾ ಜನ ಬಳಸುತ್ತಾರೆ, ಅಗ್ಗ ಅಲ್ವಾ. ಅದರಲ್ಲಿ ಎಷ್ಟೋ ಫಿಲ್ಮಿನ ಬೆನ್ನಿಗೆ ರೆಮ್‌ಜೆಟ್ ಅನ್ನುವ ಮಸಿಯಂಥ ಪದರ ಇರುತ್ತದೆ. ಅದು ಸಿ-41ರೊಳಗೆ ಬಿದ್ದರೆ ಬಿಟ್ಟುಕೊಂಡು ಪಕ್ಕದ ರೀಲಿಗೂ ಅಂಟುತ್ತದೆ. ಒಟ್ಟಿಗೆ ತೊಳೆಯುವಾಗ ಬೇರೆಯವರ ಮದುವೆ ಫೋಟೋ ಹಾಳಾಗಬಾರದು ನೋಡಿ. ಹಾಗಾಗಿ ಡಬ್ಬಿ ಮೇಲೆ ‘ಸಿನಿಮಾ’ ಅಂತ ದಪ್ಪಕ್ಷರದಲ್ಲಿ ಬರೆದೇ ಕೊಡಿ. ಬೇರೆಯಾಗಿ ತೊಳೆಯುತ್ತೇವೆ.

ವಾರದ ಸಂಜೆಗಳು ಈಗ ಬಿಡುವಾದವು. ಬುಧವಾರ, ಗುರುವಾರ ಡಾರ್ಕ್‌ರೂಮ್ ನಿಮಗೇ ಬಿಡುತ್ತೇವೆ, ನೀವೇ ಪ್ರಿಂಟ್ ಹಾಕಿಕೊಳ್ಳಿ. ಎನ್‌ಲಾರ್ಜರ್ (ನೆಗೆಟಿವ್‌ನ ಚಿತ್ರವನ್ನು ದೊಡ್ಡದಾಗಿ ಪೇಪರ್ ಮೇಲೆ ಬೀಳಿಸುವ ಯಂತ್ರ), ಟ್ರೇ, ಕೆಮಿಕಲ್ ನಮ್ಮದು, ಪೇಪರ್ ನಿಮ್ಮದು. ಹೊಸಬರು ಪ್ಲಾಸ್ಟಿಕ್ ಲೇಪದ ಆರ್‌ಸಿ ಪೇಪರೇ ತನ್ನಿ. ಕೆಲವೇ ನಿಮಿಷ ತೊಳೆದರೆ ಆಯಿತು, ಚಪ್ಪಟೆಯಾಗಿ ಒಣಗುತ್ತದೆ. ಆ ಲೇಪ ಇಲ್ಲದ ಫೈಬರ್ ಪೇಪರ್ ನೋಡಲು ಚೆಂದ, ಆದರೆ ತೊಳೆದಷ್ಟೂ ಸಾಲದು, ಒಣಗಿದ ಮೇಲೆ ಸುರುಳಿ ಸುತ್ತಿಕೊಂಡು ಮಲಗುತ್ತದೆ. ಸಣ್ಣ ತುಂಡು ಪೇಪರಿನಲ್ಲಿ ಬೆಳಕಿನ ಅಳತೆ ನೋಡುವ ಟೆಸ್ಟ್ ಸ್ಟ್ರಿಪ್ ಮಾಡದೆ ಪೂರ್ತಿ ಹಾಳೆಗೆ ಬೆಳಕು ಬಿಡಬೇಡಿ, ದುಡ್ಡು ಸುಮ್ನೆ ಹೋಗುತ್ತದೆ.

ಶನಿವಾರದ ತನಕ ಕಾಯಬೇಕಾದ ರೀಲನ್ನು ಕಾರಿನೊಳಗೆ ಬಿಸಿಲಿಗೆ ಬಿಡಬೇಡಿ. ಮೊದಲೇ ತಂದುಕೊಟ್ಟರೆ ನಮ್ಮ ಫ್ರಿಜ್‌ನಲ್ಲಿ ಇಡುತ್ತೇವೆ. ಸ್ಕ್ಯಾನ್ ಫೋನಿಗೆ ಬಂತಲ್ಲ ಅಂತ ನೆಗೆಟಿವ್ ಇಲ್ಲೇ ಬಿಟ್ಟವರು ದಯವಿಟ್ಟು ಬಂದು ತೆಗೆದುಕೊಂಡು ಹೋಗಿ, ಕಪಾಟು ತುಂಬಿದೆ.