ಬಾಲಿ ಪ್ರವಾಸ: ಬಟೂರ್ ಹತ್ತುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಬಟೂರ್ 1,717 ಮೀಟರ್ ಎತ್ತರದ ಜೀವಂತ ಜ್ವಾಲಾಮುಖಿ. ನಂದಿ ಬೆಟ್ಟದ ಹಾಗೆ ತುದಿವರೆಗೆ ಕಾರು ಹೋಗುವುದಿಲ್ಲ. ಕತ್ತಲಲ್ಲೇ ಹೊರಟು ಸುಮಾರು ಎರಡು ಗಂಟೆ ಹತ್ತಬೇಕು. ಮೇಲೆ ಹೋದಂತೆ ದಾರಿಯೆಲ್ಲ ಪುಡಿಗಲ್ಲು, ಕಾಲಿಟ್ಟರೆ ಜಾರುತ್ತದೆ. ಚಪ್ಪಲಿ ಬೇಡವೇ ಬೇಡ. ಹೊಸ ಶೂ ತೊಗೊಂಡವರು ಈ ಭಾನುವಾರ ಲಾಲ್‌ಬಾಗ್‌ನಲ್ಲಿ ಹಾಕಿಕೊಂಡು ನಡೆದು ನೋಡಿ. ತುದಿಯಲ್ಲಿ ಚಳಿ ಜಾಸ್ತಿ, ಸ್ವೆಟರ್ ಇರಲಿ. ಅಲ್ಲಿ ಬಂಡೆ ಸಂದಿಯಿಂದ ಬಿಸಿ ಹಬೆ ಬರುತ್ತದೆ. ಗೈಡ್‌ಗಳು ಅದರಲ್ಲೇ ಮೊಟ್ಟೆ, ಬಾಳೆಹಣ್ಣು ಬೇಯಿಸಿ ಕೊಡುತ್ತಾರೆ! ಮೊಟ್ಟೆ ತಿನ್ನದವರು ಮೊದಲೇ ಹೇಳಿಬಿಡಿ. ಮಂಡಿ ನೋವಿದ್ದವರು ಸುಮ್ನೆ ಹಠ ಮಾಡಬೇಡಿ. ಬೆಟ್ಟದ ಎದುರಿಗಿರುವ ಕಿಂತಾಮಣಿ ಊರಲ್ಲಿ ಕಾಫಿ ಕುಡಿಯುತ್ತಾ ಕೂತರೂ ಬೆಟ್ಟ, ಸರೋವರ ಎರಡೂ ಕಾಣುತ್ತವೆ. ಹತ್ತುವವರು ಯಾರು, ಕೆಳಗೆ ಇರುವವರು ಯಾರು ಅಂತ ಶುಕ್ರವಾರದೊಳಗೆ ಇಲ್ಲೇ ಹೆಸರು ಹಾಕಿ.