ಅಜ್ಜಿಯ ಕರ್ಮ, ನನ್ನ ಕರ್ಮ

ಪುಟ್ಟಿ,

ಪೀಜಿ ತಲುಪಿದೆಯಾ? ನೀನು ಫೋನ್ ಎತ್ತಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಇನ್ನೂ ಸಿಲ್ಕ್ ಬೋರ್ಡ್ ಹತ್ತಿರ ಸಿಕ್ಕಿಕೊಂಡಿದ್ದರೆ ಬಸ್ಸಲ್ಲೇ ಓದು, ಹೇಗೂ ಟೈಮ್ ಇರುತ್ತೆ.

ಇವತ್ತು ಅಜ್ಜಿಯ ಹನ್ನೊಂದನೇ ದಿನದ ಊಟದಲ್ಲಿ ಎಲೆ ಮುಂದಿಂದ ನೀನು ಎದ್ದು ಹೋಗಿದ್ದು ನನಗೆ ತಪ್ಪು ಅನ್ನಿಸಲಿಲ್ಲ. ಅಜ್ಜಿ ಎರಡು ವರ್ಷ ಹಾಸಿಗೆ ಹಿಡಿದಿದ್ದನ್ನು ಎತ್ತಿಕೊಂಡು ಆ ದೊಡ್ಡಮ್ಮ "ಪಾಪ, ಹಿಂದೆ ಏನು ಕರ್ಮ ಮಾಡಿದ್ದರೋ, ಅಷ್ಟು ನರಳಿದರು" ಅಂದರಲ್ಲ, ಅದೂ ಸಾರು ಬಡಿಸಿಕೊಳ್ಳುತ್ತಾ, ಇಡೀ ಪಂಕ್ತಿಗೆ ಕೇಳೋ ಹಾಗೆ, ನನಗೂ ಹೊಟ್ಟೆ ಹಿಂಡಿದಂತಾಯಿತು. ಆದರೆ ಕ್ರಿಯೆ ಮಾಡೋ ಕರ್ತೃ ಆಗಿ ಕೂತವನು ಜಗಳಕ್ಕೆ ಏಳೋ ಹಾಗಿಲ್ಲ. ನೀನು ಚಪ್ಪಲಿ ಹಾಕಿಕೊಳ್ಳುತ್ತಾ ಕೇಳಿದೆ: "ಅಪ್ಪಾ, ಹನ್ನೊಂದು ದಿನದಿಂದ ನೀನು ಮಾಡ್ತಿರೋದೂ ಕರ್ಮ, ಅಜ್ಜಿಗೆ ಆಗಿದ್ದೂ ಕರ್ಮ, ಏನಿದು?"

ಆಗ ಉತ್ತರ ಹೊಳೆಯಲಿಲ್ಲ. ಈಗ ರಾತ್ರಿ ಕೂತು ಯೋಚಿಸಿದೆ.

ಸಂಸ್ಕೃತದಲ್ಲಿ 'ಕೃ' ಅಂದರೆ ಮಾಡು. ಕರ್ಮ ಅಂದರೆ ಮಾಡಿದ್ದು, ಕೆಲಸ. ಅಷ್ಟೇ. ಋಗ್ವೇದದ ಕಾಲದಲ್ಲಿ ಹೆಚ್ಚಾಗಿ ಯಜ್ಞದ ಕೆಲಸಕ್ಕೆ ಆ ಮಾತು. ತುಪ್ಪ ಹಾಕು, ಮಂತ್ರ ಹೇಳು, ಸರಿಯಾಗಿ ಮಾಡಿದರೆ ಫಲ ಸಿಗುತ್ತೆ. ನಾನು ಈ ಹನ್ನೊಂದು ದಿನ ಎಳ್ಳು ನೀರು ಬಿಟ್ಟಿದ್ದು ಆ ಹಳೇ ಅರ್ಥದ ಕರ್ಮ, ಅದಕ್ಕೇ ಸತ್ತವರಿಗೆ ಮಾಡೋ ಈ ಕ್ರಿಯೆಗೆ ಅಪರಕರ್ಮ ಅನ್ನೋದು. ಹೈಸ್ಕೂಲಲ್ಲಿ ವ್ಯಾಕರಣದಲ್ಲಿ ನೀನು ಯಾವಾಗಲೂ ಕರ್ತೃ, ಕರ್ಮ ಅದಲು ಬದಲು ಮಾಡುತ್ತಿದ್ದೆ, ನೆನಪಿದೆಯಾ? ನಂಟರೂ ಇವತ್ತು ಅದನ್ನೇ ಮಾಡಿದರು.

ಸತ್ತ ಮೇಲೂ ಮಾಡಿದ್ದು ಜೊತೆಗೆ ಬರುತ್ತೆ ಅನ್ನೋ ಮಾತು ಸ್ಪಷ್ಟವಾಗಿ ಕಾಣೋದು ಉಪನಿಷತ್ತಿನಲ್ಲಿ. ಬೃಹದಾರಣ್ಯಕದಲ್ಲಿ ಒಂದು ಪ್ರಸಂಗ ಇದೆ, ನನಗೆ ತುಂಬಾ ಇಷ್ಟ. ವಿದೇಹದ ಜನಕ ರಾಜ ಸಾವಿರ ಹಸು ಕಟ್ಟಿಸಿ, ಕೊಂಬಿಗೆಲ್ಲ ಚಿನ್ನ ಕಟ್ಟಿಸಿ, ನಿಮ್ಮಲ್ಲಿ ದೊಡ್ಡ ಜ್ಞಾನಿ ಯಾರೋ ಅವರು ಹೊಡೆದುಕೊಂಡು ಹೋಗಿ ಅಂದ. ಯಾಜ್ಞವಲ್ಕ್ಯ ಎದ್ದವನೇ, ವಾದ ಶುರುವಾಗೋ ಮುಂಚೆಯೇ, ಶಿಷ್ಯನಿಗೆ ಹಸು ಹೊಡೆದುಕೊಂಡು ಹೋಗೋ ಅಂದುಬಿಟ್ಟ! ಎಷ್ಟು ಧೈರ್ಯ ನೋಡು. ಉಳಿದವರು ಬಿಡುತ್ತಾರಾ? ಒಬ್ಬೊಬ್ಬರೇ ಪ್ರಶ್ನೆ ಹಾಕಿದರು. ಅವರಲ್ಲಿ ಆರ್ತಭಾಗ ಅನ್ನೋನು ಕೇಳಿದ: ಸತ್ತವನ ಮಾತು ಬೆಂಕಿಗೆ ಹೋಗುತ್ತೆ, ಉಸಿರು ಗಾಳಿಗೆ, ಕಣ್ಣು ಸೂರ್ಯನಿಗೆ, ಮನಸ್ಸು ಚಂದ್ರನಿಗೆ, ತಲೆಗೂದಲು ಮರಗಳಿಗೆ. ಹಾಗಾದರೆ ಆ ಮನುಷ್ಯ ಎಲ್ಲಿ ಉಳಿದ?

ಬನಶಂಕರಿ ಚಿತಾಗಾರದ ಹೊರಗೆ ಬೆಂಚಿನ ಮೇಲೆ ಕೂತಿದ್ದಾಗ ನನ್ನ ತಲೆಯಲ್ಲಿ ಇದ್ದಿದ್ದೂ ಇದೇ ಪ್ರಶ್ನೆ. ಅಮ್ಮ ಈಗ ಎಲ್ಲಿ?

ಯಾಜ್ಞವಲ್ಕ್ಯ ಏನು ಮಾಡಿದ ಗೊತ್ತಾ? "ಕೈ ಕೊಡಪ್ಪಾ, ಇದು ಇಷ್ಟು ಜನರ ಮಧ್ಯೆ ಆಡೋ ಮಾತಲ್ಲ" ಅಂದ. ಇಬ್ಬರೂ ಪಕ್ಕಕ್ಕೆ ಹೋದರು. ಅಲ್ಲಿ ಅವರು ಆಡಿದ್ದು ಕರ್ಮದ ಮಾತು ಅಂತ ಉಪನಿಷತ್ತು ಹೇಳುತ್ತೆ: ಒಳ್ಳೇ ಕೆಲಸದಿಂದ ಮನುಷ್ಯ ಒಳ್ಳೆಯವನಾಗುತ್ತಾನೆ, ಕೆಟ್ಟದ್ದರಿಂದ ಕೆಟ್ಟವನು. ಅಷ್ಟು ಹೇಳಿ ಮುಗಿಸಿಬಿಡುತ್ತೆ. ಕೈ ಹಿಡಿದುಕೊಂಡು ಪಕ್ಕಕ್ಕೆ ಹೋಗಿ ಆಡಿದ ಮಾತನ್ನು ನಮ್ಮವರು ಸಾರಿನ ಬಕೆಟ್ ಮುಂದೆ ಕೂಗಿ ಹೇಳುತ್ತಾರೆ.

ಇದೇ ಮಾತು ಜೈನರಲ್ಲೂ ಇದೆ, ಬೌದ್ಧರಲ್ಲೂ ಇದೆ. ಶ್ರವಣಬೆಳಗೊಳಕ್ಕೆ ಹೋಗಿದ್ದೆವಲ್ಲ, ಆ ಜೈನರ ಪ್ರಕಾರ ಕರ್ಮ ಅಂದರೆ ಜೀವಕ್ಕೆ ಅಂಟಿಕೊಳ್ಳೋ ಸಣ್ಣ ಧೂಳಿನಂಥ ವಸ್ತು. ಆಮೇಲೆ ಬಂದ ವೇದಾಂತಿಗಳು ಇದನ್ನು ಬಾಣಕ್ಕೆ ಹೋಲಿಸಿದರು. ಬತ್ತಳಿಕೆಯಲ್ಲಿರೋ ಬಾಣ ಸಂಚಿತ, ಅಂದರೆ ಹಿಂದಿಂದ ಕೂಡಿಟ್ಟ ಕರ್ಮ; ಕೈಯಲ್ಲಿ ಹೂಡಿರೋದು ಆಗಾಮಿ, ಈಗ ಮಾಡುತ್ತಿರೋದು, ಫಲ ಮುಂದೆ; ಬಿಟ್ಟಾಗಿರೋದು ಪ್ರಾರಬ್ಧ, ಫಲ ಕೊಡೋಕೆ ಶುರುವಾಗಿರೋದು. ಬಿಟ್ಟ ಬಾಣ ವಾಪಸ್ ಬರಲ್ಲ, ಅನುಭವಿಸಲೇಬೇಕು. ದೊಡ್ಡಮ್ಮ ಹೇಳಿದ್ದು ಈ ಪ್ರಾರಬ್ಧದ ಲೆಕ್ಕ. ಸರಿ, ಇರಬಹುದು. ಆದರೆ ಆ ಬಾಣ ಯಾವುದು, ಯಾವ ಜನ್ಮದ್ದು, ಅವರಿಗೆ ಯಾರು ಹೇಳಿದರು? ಗೀತೆಯ ಎರಡನೇ ಅಧ್ಯಾಯದಲ್ಲಿ "ಕರ್ಮಣ್ಯೇವಾಧಿಕಾರಸ್ತೇ" ಅಂತ ಬರುತ್ತಲ್ಲ, ಅಧಿಕಾರ ಇರೋದು ನಿನ್ನ ಕೆಲಸದ ಮೇಲೆ, ಫಲದ ಮೇಲಲ್ಲ. ನಮ್ಮ ಫಲದ ಮೇಲೇ ನಮಗೆ ಅಧಿಕಾರ ಇಲ್ಲ ಅಂದಮೇಲೆ ಪಕ್ಕದವರದ್ದರ ಮೇಲೆ ಎಲ್ಲಿಂದ ಬಂತು?

ಒಂದು ವಿಷಯ ಮುಚ್ಚಿಡಲ್ಲ. ಛಾಂದೋಗ್ಯ ಉಪನಿಷತ್ತಿನಲ್ಲಿ, ಒಳ್ಳೇ ನಡತೆಯವರು ಬ್ರಾಹ್ಮಣ, ಕ್ಷತ್ರಿಯ, ವೈಶ್ಯರಾಗಿ ಹುಟ್ಟುತ್ತಾರೆ, ಕೆಟ್ಟವರು ನಾಯಿಯಾಗಿ, ಹಂದಿಯಾಗಿ, ಚಂಡಾಲರಾಗಿ ಅಂತ ಬರೆದಿದೆ. ಓದಿದಾಗ ಪುಸ್ತಕ ಮುಚ್ಚಿಟ್ಟು ಸುಮ್ನೆ ಕೂತಿದ್ದೆ. ಇನ್ನೊಬ್ಬರ ಕಷ್ಟಕ್ಕೆ ಅವರನ್ನೇ ಹೊಣೆ ಮಾಡೋ ಚಾಳಿ ಸಾರಿನ ಪಂಕ್ತಿಯಲ್ಲಿ ಹುಟ್ಟಿದ್ದಲ್ಲ, ತುಂಬಾ ಹಳೆಯದು. ಹುಟ್ಟಿನಿಂದ ಮೇಲು ಕೀಳು ಅನ್ನೋದನ್ನು 12ನೇ ಶತಮಾನದಲ್ಲೇ ಕಲ್ಯಾಣದ ಶರಣರು ಒಪ್ಪಲಿಲ್ಲ. ನಾನೂ ಒಪ್ಪಲ್ಲ. ನನ್ನ ಹಿರಿಯರು ಹೇಳಿಕೊಟ್ಟ ಮಂತ್ರ ಹೇಳುತ್ತಲೇ ಒಪ್ಪಲ್ಲ, ಅದು ಹೇಗೆ ಅಂತ ಕೇಳಬೇಡ.

ಅಜ್ಜಿಗೆ ಈ ಬಾಣ ಬತ್ತಳಿಕೆ ಎಲ್ಲ ಗೊತ್ತಿರಲಿಲ್ಲ. ಹಾಲು ಉಕ್ಕಿದರೆ "ಅಯ್ಯೋ ನನ್ನ ಕರ್ಮವೇ" ಅಂತ ಹಣೆ ಚಚ್ಚಿಕೊಳ್ಳೋರು, ಆಮೇಲೆ ಬಟ್ಟೆ ತಗೊಂಡು ಒಲೆ ಒರೆಸೋರು. ಭಾನುವಾರ ನೀನು ಬಂದು ತಲೆ ಬಾಚಿದರೆ ಮಾತ್ರ ಅವತ್ತು ಕರ್ಮದ ಸುದ್ದಿ ಎತ್ತುತ್ತಿರಲಿಲ್ಲ.

ನಾಳೆ ಸಪಿಂಡೀಕರಣ, ಅಜ್ಜಿಯನ್ನು ಹಿರಿಯರ ಜೊತೆ ಸೇರಿಸೋ ಕ್ರಿಯೆ, ನಾಡಿದ್ದು ವೈಕುಂಠ ಸಮಾರಾಧನೆ. ದೊಡ್ಡಮ್ಮನೂ ಬರುತ್ತಾರೆ. ನೀನು ಪಂಕ್ತಿಗೆ ಕೂರಬೇಡ, ಬಡಿಸೋ ಕಡೆ ಇರು. ಅವರಿಗೆ ಹೋಳಿಗೆ ಹಾಕುವಾಗ ಮುಖ ಗಂಟು ಹಾಕಿಕೊಂಡರೂ ಪರವಾಗಿಲ್ಲ, ತುಪ್ಪ ಮಾತ್ರ ಸರಿಯಾಗಿ ಹಾಕು. ಮತ್ತೆ, ಬರುವಾಗ ಗಾಂಧಿ ಬಜಾರಲ್ಲಿ ಇಳಿದು ಐವತ್ತು ಬಾಳೆ ಎಲೆ ತಗೊಂಡು ಬಾ. ಲೆಕ್ಕ ಹಾಕಿದ್ದಕ್ಕಿಂತ ಜನ ಜಾಸ್ತಿ ಆಗೋ ಹಾಗಿದೆ.

ನಿನ್ನ ಅಪ್ಪ